ಒಂದು ತಾಸು ಮುಂದಿನ ರೇಡಿಯೋ

ಆಗ ನನಗೆ ಅರವತ್ತನಾಲ್ಕು. ಇದು ಹದಿನಾರು ವರ್ಷದ ಹಿಂದಿನ ಮಾತು. ಕೂಡಿಸಿ ನೋಡಿ ‘ಅಯ್ಯೋ ಪಾಪ, ಮುದುಕಿ’ ಅನ್ನುವವರು ಅನ್ನಲಿ, ಎಡಗಡೆಯ ಮೊಣಕಾಲು ಒಂದು ಬಿಟ್ಟರೆ ನನ್ನದೆಲ್ಲ ನೆಟ್ಟಗಿದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಯಂತ್ರಗಳಿಗೆ ನಾನು ಇಡುವ ಪರೀಕ್ಷೆ ಒಂದೇ, ಬಡಿಯದೆ ನಡೆಯುತ್ತದೋ ಇಲ್ಲವೋ ಅನ್ನುವುದು. ಗದಗಿನ ನಮ್ಮ ಮನೆಯ ರೇಡಿಯೋ ತಲೆಯ ಮೇಲೆ ಎರಡು ಏಟು ಬಿದ್ದ ಮೇಲೆಯೇ ವಾರ್ತೆ ಹೇಳುತ್ತಿತ್ತು. ಅದೂ ಗೊರಗೊರ ಅನ್ನುತ್ತ, ಮಂತ್ರಿ ಸತ್ತನೋ ಗೆದ್ದನೋ ತಿಳಿಯದ ಹಾಗೆ. ಫ್ಯಾನಿಗೆ ಕೋಲಿನಿಂದ ತಿವಿಯಬೇಕಿತ್ತು. ನಮ್ಮ ಮನೆಯವರಿಂದಂತೂ ಮೂರು ಸಲ ಕರೆದ ಮೇಲೆ ಒಂದು ‘ಹೂಂ’ ಬರುತ್ತಿತ್ತು, ಈಗ ಅವರಿಲ್ಲ, ಆ ಮಾತು ಸಾಕು. ಅಷ್ಟು ವರ್ಷದಲ್ಲಿ ಒಂದೂ ಏಟು ತಿನ್ನದೆ, ಹೇಳಿದ ಕೂಡಲೇ, ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ ಮಾತಾಡಿದ ವಸ್ತುವನ್ನು ನಾನು ಮೊದಲು ಕಂಡದ್ದು ಚಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ, ನನ್ನ ಹಿರೀ ಅಳಿಯನ ಕಾರಿನಲ್ಲಿ. ಅದರ ಮೇಲೆ ನನಗೆ ಹುಟ್ಟಿದ ಪ್ರೀತಿಯನ್ನು ನನ್ನ ಮಕ್ಕಳ ಮೇಲೂ ನಾನು ತೋರಿಸಿರಲಿಲ್ಲ ಅಂತ ನನ್ನ ಮಕ್ಕಳೇ ಹೇಳುತ್ತಾರೆ. ತೋರಿಸಿರಲಿಕ್ಕಿಲ್ಲ.

ಅಳಿಯ ನಾಗೇಶ ಮೈಸೂರಿನವನು, ಎಂಜಿನಿಯರು. ನಯವಾಗಿ ಮಾತಾಡುತ್ತಾನೆ, ಲೆಕ್ಕ ತಪ್ಪಿದಾಗಲೂ ನಯವಾಗಿಯೇ ತಪ್ಪುತ್ತಾನೆ. ಪಕ್ಕದೂರು ಲಿಸ್ಲ್‌ನಲ್ಲಿ ಅವನ ಆಫೀಸು. ಆಫೀಸಿಗೆ ಹೋಗಿಬರುವ ದಾರಿಯಲ್ಲಿ ಹಾಡು ಕೇಳಲಿಕ್ಕೆ ಅಂತ ಅವನು ಈ ಸ್ಯಾಟಲೈಟ್ ರೇಡಿಯೋ ತಂದ. ನೋಡಲಿಕ್ಕೆ ಎಲೆಅಡಿಕೆ ಡಬ್ಬಿಯಷ್ಟೇ. ಕಾರಿನಲ್ಲಿ ಅದಕ್ಕೊಂದು ಪೀಠ, ಅಡುಗೆಮನೆಯಲ್ಲಿ ಇನ್ನೊಂದು ಪೀಠ. ಡಬ್ಬಿ ಮಾತ್ರ ಒಂದೇ, ಉತ್ಸವಮೂರ್ತಿಯ ಹಾಗೆ ಬೆಳಿಗ್ಗೆ ಹೊರಗೆ ಹೋಗುವುದು, ಸಂಜೆ ಒಳಗೆ ಬರುವುದು. ಕಾರಿನ ನೆತ್ತಿಯ ಮೇಲೆ ಕಪ್ಪನೆಯ ಒಂದು ಬಿಲ್ಲೆ ಇರುತ್ತದೆ, ಅಯಸ್ಕಾಂತದಿಂದ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಆಕಾಶದಲ್ಲಿ ಬಿಟ್ಟಿರುವ ಉಪಗ್ರಹ ಹೇಳಿದ್ದನ್ನು ಆ ಬಿಲ್ಲೆ ಕೇಳಿಸಿಕೊಂಡು ಡಬ್ಬಿಗೆ ಹೇಳುತ್ತದಂತೆ. ಚಾಡಿ ಹೇಳುವ ವಾರಗಿತ್ತಿಯ ಹಾಗೆ, ಆದರೆ ಒಂದಕ್ಷರ ಸೇರಿಸದೆ. ಸೇತುವೆಯ ಕೆಳಗೆ ಹೋದಾಗ ಒಂದು ಗಳಿಗೆ ಸುಮ್ಮನಾಗುತ್ತದೆ, ಹೊರಗೆ ಬಂದ ಕೂಡಲೇ ಮತ್ತೆ ಶುರು. ಊರು ಬದಲಾದರೂ ದನಿ ಬದಲಾಗದು. ಗದಗು ದಾಟಿ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ನಮ್ಮ ರೇಡಿಯೋ ಮೂರು ಸಲ ಸಾಯುತ್ತಿತ್ತು. ಇದು ಚಿಕಾಗೋದಿಂದ ಡೆಟ್ರಾಯಿಟ್‌ತನಕ, ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ, ಒಂದೇ ಸಮ ಮಾತಾಡುತ್ತದೆ.

ಅಡುಗೆಮನೆಯಲ್ಲಿಯೂ ಅಂಥದೇ ಒಂದು ಬಿಲ್ಲೆ. ಅದನ್ನು ದಕ್ಷಿಣದ ಕಿಟಕಿಯಲ್ಲೇ ಇಡಬೇಕು, ಉಪಗ್ರಹ ಆ ಕಡೆಗೇ ಇರುವುದಂತೆ. ಆ ಕಿಟಕಿ ನನ್ನ ತುಳಸಿಯದು. ಅಲ್ಲಿಯ ಚಳಿಯಲ್ಲಿ ತುಳಸಿಯನ್ನು ಹೊರಗಿಟ್ಟರೆ ಒಂದೇ ದಿನಕ್ಕೆ ಕಾಷ್ಠ. ಬಿಸಿಲು ಬರುವ ಕಿಟಕಿ ಅದೊಂದೇ. “ಅತ್ತೆ, ಕುಂಡ ಒಂಚೂರು ಪಕ್ಕಕ್ಕೆ ಇಡಿ” ಅಂದ ನಾಗೇಶ. ನಾನು ಕುಂಡ ಸರಿಸಲಿಲ್ಲ, ಬಿಲ್ಲೆಯನ್ನು ಕುಂಡದ ಬುಡಕ್ಕೇ ಇಟ್ಟೆ. ಅವತ್ತಿನಿಂದ ಬೆಳಗ್ಗೆ ತುಳಸಿಗೆ ಕೈಮುಗಿದವರೆಲ್ಲ ಅದಕ್ಕೂ ಕೈಮುಗಿದ ಹಾಗಾಯಿತು. ದಕ್ಷಿಣ ಯಮನ ದಿಕ್ಕಲ್ಲವೇ, ಅಲ್ಲಿಂದ ಬರುವುದನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಸರಿಯೇ ಅಂತ ಎರಡು ದಿನ ಯೋಚನೆ ಮಾಡಿದೆ. ಆಮೇಲೆ ನಾನು ಕೇಳುತ್ತಿದ್ದ ಚಾನೆಲ್ ನೋಡಿದರೆ ದಿಕ್ಕು ಸರಿಯಾಗಿಯೇ ಇತ್ತು. ಅದರಲ್ಲಿ ಬರುತ್ತಿದ್ದದ್ದು ಬರೀ ಅಪಘಾತಗಳು.

ಹೌದು, ನಾನು ಹಾಡು ಕೇಳುತ್ತಿರಲಿಲ್ಲ. ಕನ್ನಡ ಹಾಡು ಅದರಲ್ಲಿ ಇರಲೂ ಇಲ್ಲ. ಮೊದಲ ದಿನವೇ ಗುಂಡಿ ತಿರುವುತ್ತ ತಿರುವುತ್ತ ನನಗೆ ಸಿಕ್ಕಿದ್ದು ಟ್ರಾಫಿಕ್ಕು ಮತ್ತು ಹವಾಮಾನ ಹೇಳುವ ಚಾನೆಲ್. ಒಂದೊಂದು ಊರಿಗೆ ಒಂದೊಂದು ನಂಬರು. ಇಂಗ್ಲಿಷ್ ಅಕ್ಷರ ನನಗೆ ಬರದು, ಅಂಕಿ ಬರುತ್ತದೆ. ಚಿಕಾಗೋದ್ದು ಗಂಡಸು, ಸದಾ ನೆಗಡಿಯಾದ ಗಂಟಲು. ಡೆಟ್ರಾಯಿಟ್‌ದು ಹೆಂಗಸು, ಅವಳನ್ನು ನಾನು ‘ಆಕಿ’ ಅಂತಲೇ ಕರೆಯುತ್ತಿದ್ದೆ. ಯಾವ ರಸ್ತೆಯಲ್ಲಿ ಲಾರಿ ಮಗುಚಿತು, ಎಡಗಡೆಯ ಲೇನು ಎಲ್ಲಿ ಮುಚ್ಚಿದ್ದಾರೆ, ಎಷ್ಟು ಡಿಗ್ರಿ, ಮಳೆಯೋ ಹಿಮವೋ. ಹತ್ತು ನಿಮಿಷಕ್ಕೊಮ್ಮೆ ಅದನ್ನೇ ಹೇಳುತ್ತಿದ್ದರು. ಒಂದೇ ಮಾತನ್ನು ದಿನಕ್ಕೆ ನೂರು ಸಲ ಹೇಳಿದರೆ ಕಲ್ಲಿಗೂ ಇಂಗ್ಲಿಷ್ ಬರುತ್ತದೆ. ಆರು ತಿಂಗಳಲ್ಲಿ ನನಗೆ ಎರಡೂ ಊರಿನ ರಸ್ತೆಗಳು ಬಾಯಿಪಾಠ. ಹೆಚ್ಚಿನವನ್ನು ಕಣ್ಣಾರೆ ಕಂಡಿರಲಿಲ್ಲ. ಕನ್ನಡ ಕೂಟದ ಊಟದಲ್ಲಿ ಎಂಜಿನಿಯರುಗಳು ತಟ್ಟೆ ಹಿಡಿದುಕೊಂಡು ಬಂದು, “ಆಂಟಿ, ಎಂಬತ್ತೆಂಟನೇ ಹೆದ್ದಾರಿ ಹೇಗಿದೆ ಇವತ್ತು?” ಅಂತ ನನ್ನನ್ನು ಕೇಳಿ ಮನೆಗೆ ಹೊರಡುತ್ತಿದ್ದರು. ಕಲಿತವರು ನನ್ನನ್ನು ಏನಾದರೂ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು, ನಾನು ಹಿಗ್ಗಿದೆ. ಹಿಗ್ಗಿದ್ದೇ ತಪ್ಪಾಯಿತು.

ಡೆಟ್ರಾಯಿಟ್‌ನ ಚಾನೆಲ್ ಯಾಕೆ ಕೇಳುತ್ತಿದ್ದೆ ಅಂದರೆ ನನ್ನ ಕಿರೀ ಮಗಳು ಉಮಾ ಆ ಕಡೆಗೆ, ನಾರ್ತ್‌ವಿಲ್‌ನಲ್ಲಿ ಇರುವುದು. ಈಗ ನನ್ನ ದಡ್ಡತನ ಹೇಳುತ್ತೇನೆ, ನಗುವವರು ನಕ್ಕುಬಿಡಿ. ನಮ್ಮ ಅಡುಗೆಮನೆಯ ಗಡಿಯಾರದಲ್ಲಿ ಎಂಟಾದಾಗ ಆಕಿ ‘ಒಂಬತ್ತು ಗಂಟೆ’ ಅನ್ನುತ್ತಿದ್ದಳು. ನಮ್ಮಲ್ಲಿ ಒಂಬತ್ತಾದಾಗ ಆಕಿಯದು ಹತ್ತು. ಒಂದು ವಾರ ನೋಡಿದೆ, ದಿನಾ ಹಾಗೆಯೇ. ಉಪಗ್ರಹ ಅಷ್ಟು ಎತ್ತರದಲ್ಲಿದೆಯಲ್ಲ, ಗುಡ್ಡ ಹತ್ತಿದವನಿಗೆ ಬರುವ ಬಸ್ಸು ಮೊದಲೇ ಕಾಣುವ ಹಾಗೆ ಅದಕ್ಕೆ ಮುಂದಿನ ಒಂದು ತಾಸು ಕಾಣುತ್ತದೆ ಅಂತ ನಾನು ತಿಳಿದುಕೊಂಡೆ. ಪರೀಕ್ಷೆ ಮಾಡದೆ ನಂಬುವವಳಲ್ಲ ನಾನು. ಒಂದು ರವಿವಾರ, ಡಬ್ಬಿ ಮನೆಯಲ್ಲೇ ಇದ್ದಾಗ, ಆಕಿ ಮಳೆ ಅಂದಳು. ಉಮಾಗೆ ಫೋನ್ ಹಚ್ಚಿದೆ.

“ಮಳಿ ಬಂತೇನ?”

“ಎಲ್ಲೀ ಮಳಿ ಅವ್ವಾ, ಬಿಸಿಲು ಬಡೀಲಿಕ್ಕತ್ತದ.”

“ಒಂದು ತಾಸು ತಡಿ, ಬರ್ತದ. ಒಣಾ ಹಾಕಿದ್ದು ತಗದಿಡು.”

ಒಂದು ತಾಸಿಗೆ ಸರಿಯಾಗಿ ಮಳೆ ಬಂತು. ಉಮಾ ಬೆರಗಾದಳು. ಮುಂದಿನ ಊಟದಲ್ಲಿ ನಾನು ಈ ವಿಷಯವನ್ನು ಹತ್ತು ಹೆಂಗಸರಿಗೆ ಹೇಳಿದೆ. ಅವರಲ್ಲಿ ಒಬ್ಬಾಕೆ ಡಾಕ್ಟರು. ಎಲ್ಲರೂ ಬಾಯಿ ತೆರೆದು ಕೇಳಿದರು. ಇನ್ನೊಬ್ಬಳು ಸೊಸೆಯ ಹೆರಿಗೆಯ ಸುದ್ದಿ ಅದರಲ್ಲಿ ಮೊದಲೇ ಗೊತ್ತಾದೀತೇ ಅಂತ ಕೇಳಿದಳು. ಅದು ರಸ್ತೆಯ ಮೇಲೆ ಆದರೆ ಗೊತ್ತಾಗುತ್ತದೆ ಅಂದೆ.

ನನ್ನ ಮಾನ ಕಳೆದವಳು ಮೊಮ್ಮಗಳು ಮೇಘನಾ. ಆಗ ಅವಳಿಗೆ ಹನ್ನೊಂದು. ಅಲ್ಲೇ ಹುಟ್ಟಿದ ಹುಡುಗಿ, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ. ನನ್ನ ಮಾತು ಕೇಳಿ ಅವಳು ನೆಲದ ಮೇಲೆ ಬಿದ್ದು ಉರುಳಾಡಿ ನಕ್ಕಳು. “ಅಜ್ಜೀ! ಇಟ್ಸ್ ಅ ಟೈಮ್ ಝೋನ್!” ಫ್ರಿಜ್ಜಿನಿಂದ ಒಂದು ನಿಂಬೆಹಣ್ಣು ತಂದಳು, ಟಾರ್ಚ್ ಹಚ್ಚಿದಳು, ಹಣ್ಣನ್ನು ತಿರುಗಿಸಿ ತೋರಿಸಿದಳು. ಬೆಳಕು ಮೊದಲು ಉಮಾ ಚಿಕ್ಕಮ್ಮನ ಮನೆಗೆ ಬೀಳುತ್ತದೆ, ಆಮೇಲೆ ನಮ್ಮ ಮನೆಗೆ. ಅದಕ್ಕೇ ಅವರ ಗಡಿಯಾರ ಒಂದು ತಾಸು ಮುಂದೆ. ರೇಡಿಯೋ ಭವಿಷ್ಯ ಹೇಳುತ್ತಿಲ್ಲ, ಅಲ್ಲಿಯ ಟೈಮು ಹೇಳುತ್ತಿದೆ, ಅಷ್ಟೇ. ಮಳೆ? ಅದು ಮುನ್ಸೂಚನೆ, ಎಲ್ಲಾ ರೇಡಿಯೋ ಹೇಳುತ್ತವೆ. ನನಗೆ ತಿಳಿಯಿತು. ನಿಂಬೆಹಣ್ಣನ್ನು ಕಿತ್ತುಕೊಂಡು ಸಾರಿಗೆ ಹಿಂಡಿದೆ. ಆದರೂ ಹುಡುಗಿ ಬಿಡಬೇಕಲ್ಲ. ಅವತ್ತಿನಿಂದ ನಾನು ಯಾವ ಟೈಮು ಹೇಳಿದರೂ, “ಹೂಸ್ ಕ್ಲಾಕ್, ಅಜ್ಜಿ?” ಯಾರ ಗಡಿಯಾರ, ಅಂತ. ಊಟಕ್ಕೆ ಬಾ, ಎಂಟಾಯಿತು ಅಂದರೆ, “ಹೂಸ್ ಕ್ಲಾಕ್?” ತಿಂಗಳುಗಟ್ಟಲೆ. ಕೇಳಿ ಕೇಳಿ ಆ ಪ್ರಶ್ನೆ ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಆ ವರ್ಷ ವೈಶಾಖದಲ್ಲಿ ಉಮಾ ಹೊಸ ಮನೆ ತೆಗೆದುಕೊಂಡಳು. ಮೂರು ವರ್ಷದ ಹಿಂದೆ, ಇದಕ್ಕೆ ಮೊದಲಿನ ಮನೆಯ ಗೃಹಪ್ರವೇಶದಲ್ಲಿ ಮುಹೂರ್ತ ಅರ್ಧ ತಾಸು ತಪ್ಪಿತ್ತು. ನನಗೆ ಬಾಯಿ ಬಿಗಿಹಿಡಿಯುವುದು ಗೊತ್ತಿಲ್ಲ. ಬೇಸ್‌ಮೆಂಟಿಗೆ ನೀರು ನುಗ್ಗಿದಾಗ, ‘ಮುಹೂರ್ತ ತಪ್ಪಿತ್ತಲ್ಲ’ ಅಂದೆ. ಅವಳ ಗಂಡನ ಬೆನ್ನು ಹಿಡಿದಾಗಲೂ ಅಂದೆ. ಅವಳ ಕೆಲಸ ಹೋದಾಗಲೂ ಅಂದೆ. ಮೊದಮೊದಲು ನಗುತ್ತಿದ್ದಳು. ಆಮೇಲೆ ನಗುವುದು ನಿಲ್ಲಿಸಿದಳು. ಈ ಸಲ ಅವಳೇ ಫೋನಿನಲ್ಲಿ, “ಅವ್ವಾ, ಮುಹೂರ್ತ ತಪ್ಪಿದರ ನಾ ಆ ಮನಿಯೊಳಗ ಕಾಲಿಡಂಗಿಲ್ಲ ನೋಡು. ಆಷಾಢ ಮುಗಿಯೋತನಕ ಗರಾಜಿನ್ಯಾಗ ಇರತೇನಿ” ಅಂದಳು. ಸಾಮಾನೆಲ್ಲ ಆಗಲೇ ಹೊಸ ಮನೆಯ ಗರಾಜಿಗೆ ಬಂದು ಬಿದ್ದಿತ್ತು, ಹಳೆಯ ಮನೆ ಬೇರೆಯವರ ಕೈಗೆ ಹೋಗಿತ್ತು. ಕಲಿತ ಹುಡುಗಿಯ ತಲೆಗೆ ಈ ಭಯ ತುಂಬಿದವಳು ನಾನೇ. ಅದು ನನಗೂ ಗೊತ್ತಿತ್ತು, ಬೇರೆಯವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹಿರೀ ಮಗಳು ಗಿರಿಜಾ ಎರಡು ದಿನ ಮೊದಲೇ ತಂಗಿಯ ಮನೆಗೆ ಹೋದಳು. ಉಳಿದವರು ನಾವು ನಾಲ್ಕು ಜನ ಒಂದೇ ಕಾರಿನಲ್ಲಿ. ನಾಗೇಶ ನಡೆಸುವುದು, ಪಕ್ಕದಲ್ಲಿ ಆಚಾರ್ಯರು, ಹಿಂದೆ ನಾನು, ಮೇಘನಾ, ನನ್ನ ತೊಡೆಯ ಮೇಲೆ ಬೆಳ್ಳಿಯ ಆಕಳು ಮತ್ತು ಕರು. ನಿಜವಾದ ಆಕಳನ್ನು ಆ ಸಬ್‌ಡಿವಿಷನ್ನು ಅನ್ನುವ ಬಡಾವಣೆಯೊಳಗೆ ಬಿಡುವುದಿಲ್ಲವಂತೆ. ಆಚಾರ್ಯರು ಧಾರವಾಡದ ಕಡೆಯವರು, ನೇಪರ್‌ವಿಲ್‌ನಲ್ಲಿಯೇ ಇದ್ದರು. ಮುಹೂರ್ತ ಇಟ್ಟವರೂ ಅವರೇ, ಹನ್ನೆರಡೂ ಹತ್ತಕ್ಕೆ. ಅವರಿಲ್ಲದೆ ಅಲ್ಲಿ ಒಂದು ಊದಿನಕಡ್ಡಿಯೂ ಹತ್ತುವ ಹಾಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟೆವು. “ಅತ್ತೆ, ಟೆನ್ಶನ್ ಮಾಡ್ಕೋಬೇಡಿ, ನಾನು ಒಂದು ಗಂಟೆ ಕೈಯಲ್ಲಿ ಇಟ್ಕೊಂಡೇ ಪ್ಲಾನ್ ಮಾಡಿದೀನಿ” ಅಂದ ನಾಗೇಶ. ನಾನು ಆಕಿಯ ನಂಬರಿಗೆ ರೇಡಿಯೋ ಹಚ್ಚಲು ಹೇಳಿದೆ. “ದೇವರ ಕೆಲಸಕ್ಕ ಹೊಂಟೀವಿ, ಒಂದು ಸ್ತೋತ್ರ ಹಚ್ಚಬಾರದೇನವ್ವಾ?” ಅಂದರು ಆಚಾರ್ಯರು. ಸ್ತೋತ್ರಕ್ಕೆ ನೀವಿದ್ದೀರಿ, ರಸ್ತೆಗೆ ಆಕಿ ಇರಲಿ ಅಂದೆ.

ಮಿಶಿಗನ್ ಒಳಗೆ ಬಂದು ಸುಮಾರು ದೂರ ಹೋದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಂತೆವು. ಆಚಾರ್ಯರು ಅವಲಕ್ಕಿಯ ಡಬ್ಬಿ ಬಿಚ್ಚಿದರು, ಥರ್ಮಾಸಿನಿಂದ ಕಾಫಿ ಬಗ್ಗಿಸಿದರು. ಅರ್ಧ ತಾಸು ಕೂತು, ಒಂದಿಷ್ಟು ಜಪ ಮುಗಿಸಿ, ಆಮೇಲೆ ಆನ್ ಆರ್ಬರ್‌ನಲ್ಲಿ ಬಾಳೆಎಲೆ ಕೊಂಡು ಹೋಗುವುದು ಅಂತ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ನಾನು ಕಾರಿನಿಂದ ಇಳಿಯಲಿಲ್ಲ, ಇಳಿದರೆ ನಾಗೇಶ ಕಾರು ಆರಿಸುತ್ತಾನೆ, ಆಕಿ ಬಾಯಿ ಮುಚ್ಚುತ್ತಾಳೆ. ಆಗ ಆಕಿ ಟೈಮು ಹೇಳಿದಳು, ಹತ್ತೂ ಇಪ್ಪತ್ತು. ಕಾರಿನ ಗಡಿಯಾರ ನೋಡಿದೆ, ಒಂಬತ್ತೂ ಇಪ್ಪತ್ತು. ಸರಿಯೇ, ಒಂದು ತಾಸು ಮುಂದೆ, ನಿಂಬೆಹಣ್ಣು. ಅಷ್ಟಕ್ಕೇ ಬಿಡಬೇಕಾಗಿತ್ತು. ಆದರೆ ತಲೆಯೊಳಗಿನ ಮೊಳೆ ಚುಚ್ಚಿತು. ಗಾಜು ಇಳಿಸಿ ಕೂಗಿದೆ.

“ಆಚಾರ್ರ! ನಿಮ್ಮ ಹನ್ನೆರಡೂ ಹತ್ತು ಯಾರ ಗಡಿಯಾರದ್ದು?”

ಬಾಯಿಗೆ ಅವಲಕ್ಕಿ ಒಯ್ಯುತ್ತಿದ್ದ ಕೈ ನಿಂತಿತು. “ಯಾರದು ಅಂದ್ರ? ಉಮಾನ ಊರಿನ ಸೂರ್ಯ ನೋಡಿ ತಗದದ್ದು. ಆ ಊರಿಂದು.”

“ಆ ಊರಿನ ಗಡಿಯಾರದ್ದೋ?”

“ಮನೀ ಅಲ್ಲಿ, ಗಡಿಯಾರ ನೇಪರ್‌ವಿಲ್‌ದು ಹೆಂಗ ಇಡಲಿ ಅವ್ವಾರ?”

ನಾಗೇಶನ ಮುಖ ಸುಣ್ಣ. ಆಚಾರ್ಯರು ನೇಪರ್‌ವಿಲ್‌ನವರು, ನೇಪರ್‌ವಿಲ್‌ನಲ್ಲಿ ಕೂತು ಹೇಳಿದರು, ಆದ್ದರಿಂದ ಅದು ನಮ್ಮ ಹನ್ನೆರಡೂ ಹತ್ತು, ಅಲ್ಲಿಯ ಒಂದೂ ಹತ್ತು ಅಂತ ಅವನು ಎಂಜಿನಿಯರ್ ಲೆಕ್ಕ ಹಾಕಿ ಒಂದು ಗಂಟೆ ಉಳಿಸಿಕೊಂಡಿದ್ದ. ಆಚಾರ್ಯರು ಕಾರು ನಡೆಸುವವನಿಗೆ ಎಲ್ಲಾ ಗೊತ್ತಿರುತ್ತದೆ ಅಂತ ಸುಮ್ಮನಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಒಂದು ಮಾತು ಕೇಳಿರಲಿಲ್ಲ. ಕಲಿತವರ ಕೆಲಸವೇ ಇದು, ಗೊತ್ತಿಲ್ಲ ಅಂತ ಕೇಳಲಿಕ್ಕೆ ನಾಚಿಕೆ. ಕೈಯಲ್ಲಿದ್ದ ಒಂದು ಗಂಟೆ ಹೋಯಿತು. ಇನ್ನು ನೂರಾಹತ್ತು ಮೈಲಿ, ಒಂದು ತಾಸು ಐವತ್ತು ನಿಮಿಷ.

“ಡ್ಯಾಡ್, ಗೋ!” ಅಂತ ಚೀರಿದಳು ಮೇಘನಾ. ಆಚಾರ್ಯರು ಅವಲಕ್ಕಿಯ ಡಬ್ಬಿಯ ಮುಚ್ಚಳವನ್ನು ರೆಸ್ಟ್ ಏರಿಯಾದ ಬೆಂಚಿನ ಮೇಲೆಯೇ ಬಿಟ್ಟು ಬಂದರು. ಅದು ಈಗಲೂ ಅಲ್ಲೇ ಇದ್ದೀತು. ಬಾಳೆಎಲೆಯ ಮಾತನ್ನು ಯಾರೂ ಎತ್ತಲಿಲ್ಲ. ಅರ್ಧ ದಾರಿಯಲ್ಲಿ ಉಮಾ ಫೋನ್ ಮಾಡಿದಳು, ನಾನು ಎತ್ತಿದೆ.

“ಅವ್ವಾ, ಎಲ್ಲಿದ್ದೀರಿ? ಮಂದಿ ಎಲ್ಲಾ ಬಂದು ಡ್ರೈವ್‌ವೇದಾಗ ನಿಂತಾರ.”

“ಬರಲಿಕ್ಕತ್ತೇವಿ. ಹಾಲು ಫ್ರಿಜ್ಜಿನಿಂದ ಹೊರಗ ತಗದಿಡು, ತಣ್ಣಗಿದ್ದರ ಉಕ್ಕಲಿಕ್ಕೆ ಹೊತ್ತು ಹಿಡಿತದ.”

“ತಪ್ಪತದೇನವ್ವಾ?”

ಅವಳ ದನಿ ಸಣ್ಣದಾಗಿತ್ತು. ಮೂರು ವರ್ಷದಲ್ಲಿ ನಾನು ಅವಳಿಗೆ ಅಂದದ್ದೆಲ್ಲ ಆ ದನಿಯೊಳಗಿತ್ತು. “ತಪ್ಪಂಗಿಲ್ಲ, ಫೋನ್ ಇಡು” ಅಂದೆ. ನನಗೇನೂ ಗೊತ್ತಿರಲಿಲ್ಲ, ಸುಮ್ಮನೆ ಅಂದದ್ದು.

ಆಚಾರ್ಯರಿಗೆ ಒಂದು ಉಪಾಯ ಹೊಳೆಯಿತು. ಮೊದಲಿನ ಮಂತ್ರಗಳನ್ನು ಕಾರಿನಲ್ಲಿಯೇ ಮುಗಿಸಿದರೆ ಅಲ್ಲಿ ಹೊತ್ತು ಉಳಿಯುತ್ತದೆ ಅಂತ ಶಲ್ಯ ಸರಿಮಾಡಿಕೊಂಡು ಜೋರಾಗಿ ಶುರುಮಾಡಿದರು. ಹಿಂದೆ ಸ್ಪೀಕರಿನಲ್ಲಿ ಆಕಿ. “ಅದನ್ನ ಆರಿಸ್ರೆವ್ವಾ” ಅಂದರು, ಮಂತ್ರದ ನಡುವೆ ಉಸಿರು ತೆಗೆದುಕೊಳ್ಳುವಾಗ. “ನಿಮ್ಮದು ದೇವರಿಗೆ ಹೆಂಗಿದ್ದರೂ ಕೇಳಸ್ತದ. ಆಕೀದು ನನಗ ಕೇಳಬೇಕು” ಅಂದು ಇನ್ನೂ ದೊಡ್ಡದು ಮಾಡಿಸಿದೆ. ಒಳ್ಳೆಯದೇ ಆಯಿತು. ಆನ್ ಆರ್ಬರ್ ಹತ್ತಿರ ಬರುವಾಗ ಆಕಿ ಹೇಳಿದಳು, ಹದಿನಾಲ್ಕನೇ ಹೆದ್ದಾರಿಯಲ್ಲಿ ಲಾರಿ ಅಡ್ಡ ಬಿದ್ದಿದೆ, ಎಲ್ಲಾ ಲೇನು ಬಂದ್. ಅದು ನಾಗೇಶ ಹಿಡಿಯಬೇಕಿದ್ದ ರಸ್ತೆ. ಎಕ್ಸಿಟ್ ಕಣ್ಣೆದುರಿಗೇ ಇತ್ತು.

“ಹದಿನಾಲ್ಕು ಬ್ಯಾಡ!” ಅಂತ ಕೂಗಿದೆ. “ಇಪ್ಪತ್ತಮೂರು ಹಿಡಿ, ಉತ್ತರಕ್ಕ. ಆಮ್ಯಾಲೆ ಸಿಕ್ಸ್ ಮೈಲ್ ರೋಡಿಗೆ ಇಳಿ!”

“ಅತ್ತೆ, ನಿಮಗೆ ಆ ದಾರಿ ಗೊತ್ತಾ?”

“ನೋಡಿಲ್ಲ. ದಿನಾ ಕೇಳೇನಿ.”

ನಾಗೇಶ ನನ್ನ ಮಾತು ಕೇಳಿದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ಡೆಟ್ರಾಯಿಟ್ ಕಡೆಯವರಿಗೆ ರಸ್ತೆಗೆ ಹೆಸರಿಡಲು ತೋಚಿಲ್ಲ. ಆರು ಮೈಲಿ, ಏಳು ಮೈಲಿ, ಎಂಟು ಮೈಲಿ ಅಂತ ಅಳತೆಯನ್ನೇ ಹೆಸರಾಗಿ ಇಟ್ಟಿದ್ದಾರೆ. ಅಂಕಿ ಮಾತ್ರ ಬರುವ ನನ್ನಂಥವಳಿಗೆ ಅದೇ ಅನುಕೂಲ. ಆರು ಮೈಲಿಯ ರಸ್ತೆ ಎಂಬುದು ಆರು ಮೈಲಿಗೆ ಮುಗಿಯುವುದಿಲ್ಲ ಎಂಬುದು ಮಾತ್ರ ಅವತ್ತು ಗೊತ್ತಾಯಿತು, ಹೊಲ, ಕುದುರೆ, ಮತ್ತೆ ಹೊಲ. ಎರಡು ಕಡೆ ಮರಗಳು ಕಮಾನು ಕಟ್ಟಿದ ಜಾಗದಲ್ಲಿ ಆಕಿಯ ದನಿ ಒಮ್ಮೊಮ್ಮೆ ತುಂಡಾಯಿತು. ನಾನು ಬೆಳ್ಳಿಯ ಆಕಳಿಗಿಂತ ಆಕಿಯ ಡಬ್ಬಿಗೇ ಹೆಚ್ಚು ಕೈಮುಗಿದೆ. ಅದನ್ನು ಬರೆಯಲಿಕ್ಕೆ ನನಗೇನೂ ನಾಚಿಕೆಯಿಲ್ಲ.

ಹನ್ನೆರಡೂ ಎರಡಕ್ಕೆ, ಅವರ ಗಡಿಯಾರದ ಹನ್ನೆರಡೂ ಎರಡಕ್ಕೆ, ಡ್ರೈವ್‌ವೇಗೆ ಬಂದೆವು. ಆಚಾರ್ಯರು ಇಳಿಯುತ್ತಲೇ ಉಳಿದರ್ಧ ಮಂತ್ರ ಶುರುಮಾಡಿದರು. ಹೊಸ್ತಿಲಿಗೆ ಅರಿಸಿನ ಕುಂಕುಮ ಎಲ್ಲಾ ಓಡಿಕೊಂಡೇ ಬಿತ್ತು. ಹನ್ನೆರಡೂ ಹತ್ತಕ್ಕೆ ಉಮಾ ಬಲಗಾಲಿಟ್ಟು ಒಳಗೆ ಹೋದಳು. ಬಾಳೆಎಲೆ ಇರಲಿಲ್ಲ, ಕಾಗದದ ತಟ್ಟೆಯಲ್ಲಿ ಉಂಡೆವು. ಹಾಲು ಒಲೆಯ ತುಂಬಾ ಉಕ್ಕಿತು, ಹೊಸ ಸ್ಟೋವು ಹಾಳಾಯಿತು ಅಂತ ಅಳಿಯಂದಿರು ಗೊಣಗಿದರು. ಉಮಾ ಅಳುತ್ತಿದ್ದಳೋ ನಗುತ್ತಿದ್ದಳೋ ನಾನು ಹೋಗಿ ನೋಡಲಿಲ್ಲ, ಸ್ಟೋವು ಒರೆಸುತ್ತಿದ್ದೆ. ಊಟದಲ್ಲಿ ನಾಗೇಶ ಎಲ್ಲರೆದುರಿಗೆ, “ಇವತ್ತು ನಮ್ಮತ್ತೆ ಇಲ್ದಿದ್ರೆ ಮುಗೀತಿತ್ತು” ಅಂದ. ನಾನಲ್ಲ, ಡಬ್ಬಿ ಅಂದೆ. ಆದರೆ ಡಬ್ಬಿಯ ಪಕ್ಕದಲ್ಲಿಯೇ ಕೂತೆ. ಮೇಘನಾ ಅದನ್ನೂ, ನಾನು ಮನೆಯಿಂದ ಕಟ್ಟಿಕೊಂಡು ಬಂದಿದ್ದ ಅಡುಗೆಮನೆಯ ಪೀಠ ಬಿಲ್ಲೆಯನ್ನೂ ಕಾರಿನಿಂದ ತಂದು, ಹೊಸ ಅಡುಗೆಮನೆಯ ದಕ್ಷಿಣದ ಕಿಟಕಿ ಹುಡುಕಿ ಹಚ್ಚಿಟ್ಟಿದ್ದಳು. ಬಂದವರೆಲ್ಲ ನನ್ನನ್ನು ಕತೆ ಕೇಳಿದರು. ಏಳೆಂಟು ಸಲ ಹೇಳಿದೆ. ಪ್ರತಿ ಸಲವೂ ಕೊನೆಯಲ್ಲಿ, “ಯಾವ ಕೆಲಸಕ್ಕೂ ಮೊದಲು ಕೇಳಬೇಕು, ಯಾರ ಗಡಿಯಾರ ಅಂತ” ಎಂದು ಒಂದು ಬುದ್ಧಿಮಾತು ಸೇರಿಸಿದೆ. ಸಂಜೆ ಉಮಾ ಬಂದು, “ಅವ್ವಾ, ಹೊಸ ಮನೀಯೊಳಗ ಮೊದಲನೇ ಬೆಳಗಿನ ದೀಪ ನೀನ ಹಚ್ಚಬೇಕು. ಆರಕ್ಕ” ಅಂದಳು. ಆರಕ್ಕೆ ಸರಿಯಾಗಿ ಹಚ್ಚುತ್ತೇನೆ, ನನಗೆ ಟೈಮು ಹೇಳಿಕೊಡಬೇಡ ಅಂದೆ.

ಮರುದಿನ ಬೆಳಿಗ್ಗೆ ನನ್ನ ಕೈಗಡಿಯಾರದಲ್ಲಿ ಐದೂವರೆಗೆ ಎದ್ದು, ಸ್ನಾನ ಮಾಡಿ, ಸೀರೆ ಉಟ್ಟು, ಆರಕ್ಕೆ ಸರಿಯಾಗಿ ಮೆಟ್ಟಿಲಿಳಿದೆ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಎಲ್ಲರೂ ಕಾಫಿ ಕುಡಿದು ಲೋಟ ತೊಳೆದಿಟ್ಟಿದ್ದರು. ಕಿಟಕಿಯಲ್ಲಿ ಆಕಿ ಟೈಮು ಹೇಳಿದಳು, ಏಳು ಗಂಟೆ. ಮೇಘನಾ ನನ್ನ ಕಡೆ ತಿರುಗುವ ಮೊದಲೇ ನಾನು ಮೆಟ್ಟಿಲು ಹತ್ತಿ ವಾಪಸು ಹೋದೆ. ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಗಡಿಯಾರದ ಮುಳ್ಳನ್ನು ಒಂದು ತಾಸು ಮುಂದಕ್ಕೆ ತಿರುಗಿಸಿದೆ. ಆಮೇಲೆ ಕೆಳಗೆ ಬಂದು, ನಾ ಬರೋ ಮೊದಲ ದೀಪ ಹಚ್ಚಲಿಕ್ಕೆ ನಿಮಗ ಯಾರು ಹೇಳಿದ್ದರು ಅಂತ ಆಚಾರ್ಯರನ್ನು ಬೈದೆ.